ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆ ಮತ್ತು ಸಂಶೋಧನೆ: ನಾವು ತಿಳಿಯಬೇಕಾದದ್ದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಭಾಷೆ ಕಲಿಸುವ ಶಿಕ್ಷಕರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯ ಸಂಶೋಧನೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಒಂದು ಚಿಕಿತ್ಸೆ ಒಳ್ಳೆಯದೆಂದು ನಮಗೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಚಿಕಿತ್ಸೆ ಪಡೆಯುವವರು ನಾವು, ನಮ್ಮ ಮನೆಯ ಹಿರಿಯರು. ಆದ್ದರಿಂದ ಒಂದೇ ಒಂದು ರೋಗವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಆ ರೋಗ ಟ್ರಕೋಮಾ. ಉರ್ದುವಿನಲ್ಲಿ ಇದನ್ನು ಕುಕ್ರೆ ಎನ್ನುತ್ತಾರೆ. ಇದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಪುಟ್ಟ ಮಕ್ಕಳ ಕಣ್ಣು, ಮೂಗಿನಿಂದ ಸೋರುವ ದ್ರವ ಕೈಗೆ, ಬಟ್ಟೆಗೆ, ನೊಣದ ಕಾಲಿಗೆ ಅಂಟಿ ಇನ್ನೊಬ್ಬರ ಕಣ್ಣಿಗೆ ತಲುಪುತ್ತದೆ. ಬಾಲ್ಯದಲ್ಲಿ ಈ ಸೋಂಕು ಮತ್ತೆ ಮತ್ತೆ ಬಂದರೆ ಮೇಲಿನ ರೆಪ್ಪೆಯ ಒಳಭಾಗದಲ್ಲಿ ಗಾಯದ ಕಲೆಗಳು ಉಳಿಯುತ್ತವೆ. ವರ್ಷಗಳು ಕಳೆದಂತೆ ಆ ಕಲೆ ರೆಪ್ಪೆಯನ್ನು ಒಳಕ್ಕೆ ಎಳೆಯುತ್ತದೆ. ಆಗ ಕಣ್ಣನ್ನು ಕಾಯಬೇಕಾದ ರೆಪ್ಪೆಗೂದಲೇ ಕಣ್ಣನ್ನು ಉಜ್ಜತೊಡಗುತ್ತದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ನೋವು. ಕೊನೆಗೆ ಕಾರ್ನಿಯಾ ಬೆಳ್ಳಗಾಗಿ ದೃಷ್ಟಿ ಹೋಗುತ್ತದೆ. ಮಕ್ಕಳನ್ನು ಸಾಕುವವರು ಹೆಂಗಸರಾದ್ದರಿಂದ ಈ ಕಷ್ಟ ಗಂಡಸರಿಗಿಂತ ಅವರಿಗೇ ಹೆಚ್ಚು.

ಇದು ಹೊಸ ರೋಗವೇನೂ ಅಲ್ಲ. ಈಜಿಪ್ಟಿನ ಮೂರು ಸಾವಿರ ವರ್ಷಗಳಿಗೂ ಹಳೆಯ ವೈದ್ಯಕೀಯ ಬರಹದಲ್ಲಿ ಒಳಕ್ಕೆ ತಿರುಗಿದ ರೆಪ್ಪೆಗೂದಲಿನ ಪ್ರಸ್ತಾಪವಿದೆ. 11ನೇ ಶತಮಾನದಲ್ಲಿ ಬಾಗ್ದಾದಿನ ಅಲೀ ಇಬ್ನ್ ಈಸಾ ಅವರು ಕಣ್ಣಿನ ವೈದ್ಯರಿಗಾಗಿಯೇ ಬರೆದ ‘ತಜ್ಕಿರತುಲ್ ಕಹ್ಹಾಲೀನ್’ ಗ್ರಂಥದಲ್ಲಿ ರೆಪ್ಪೆಯ ರೋಗಗಳನ್ನೂ ವಿವರಿಸಿದ್ದಾರೆ. ಕೈಚಳಕವುಳ್ಳ ವೈದ್ಯರು ಹಿಂದೆಯೂ ಇದ್ದರು. ಆದರೆ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂಬುದನ್ನು ನ್ಯಾಯವಾಗಿ ಹೋಲಿಸಿ ನೋಡುವ ಕ್ರಮ ಬಂದದ್ದು ಇತ್ತೀಚೆಗೆ.

ಈ ಹೋಲಿಕೆ ನಡೆಯುವುದು ಹೇಗೆ? ನನ್ನ ವೃತ್ತಿಯಿಂದಲೇ ಉದಾಹರಣೆ ಕೊಡುತ್ತೇನೆ. ಜಾಣ ಮಕ್ಕಳನ್ನೆಲ್ಲ ‘ಎ’ ವಿಭಾಗದಲ್ಲಿ ಕೂರಿಸಿ ಅಲ್ಲಿ ಹೊಸ ಬೋಧನಾ ವಿಧಾನ ಅನುಸರಿಸಿದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಅದು ವಿಧಾನದ ಗುಣವೋ, ಮಕ್ಕಳ ಗುಣವೋ ಹೇಳಲಾಗದು. ಚೀಟಿ ಎತ್ತಿ ಮಕ್ಕಳನ್ನು ಎರಡು ವಿಭಾಗ ಮಾಡಿದರೆ ಮಾತ್ರ ಹೋಲಿಕೆ ನ್ಯಾಯವಾದೀತು. ಉತ್ತರ ಪತ್ರಿಕೆ ತಿದ್ದುವವರಿಗೆ ಅದು ಯಾವ ವಿಭಾಗದ್ದೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು. ವೈದ್ಯಕೀಯ ಸಂಶೋಧನೆಯಲ್ಲೂ ರೋಗಿಗಳನ್ನು ಹೀಗೆಯೇ, ಅವರ ಒಪ್ಪಿಗೆ ಪಡೆದು, ಚೀಟಿಯ ರೀತಿಯಲ್ಲಿ ಗುಂಪು ಮಾಡುತ್ತಾರೆ.

ರೆಪ್ಪೆಯನ್ನು ಹೊರಕ್ಕೆ ತಿರುಗಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ತೊಂದರೆ ಒಂದಿದೆ. ಕೆಲವರಲ್ಲಿ ಕೂದಲು ಮತ್ತೆ ಒಳಕ್ಕೆ ತಿರುಗುತ್ತದೆ. ಹೀಗಾದ ಒಬ್ಬ ತಾಯಿಯನ್ನು ಕಂಡರೆ ನೆರೆಹೊರೆಯವರು ಚಿಕಿತ್ಸೆಗೆ ಹೋಗಲು ಹಿಂಜರಿಯುವುದು ಸಹಜ. ಆದ್ದರಿಂದ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿದರು. 1990ರ ಸುಮಾರಿಗೆ ಒಮಾನ್ ದೇಶದಲ್ಲಿ ಹಲವು ವಿಧಾನಗಳನ್ನು ಹೋಲಿಸಿದಾಗ, ರೆಪ್ಪೆಯ ಹೊರ ಮತ್ತು ಒಳ ಪದರಗಳೆರಡನ್ನೂ ಕೊಯ್ದು ತಿರುಗಿಸುವ ವಿಧಾನ ಉತ್ತಮವೆಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡಿತು.

ಬಳಿಕ ಔಷಧದ ಪ್ರಶ್ನೆ ಬಂತು. ಶಸ್ತ್ರಚಿಕಿತ್ಸೆಯ ನಂತರ ಅಜಿತ್ರೋಮೈಸಿನ್ ಕೊಟ್ಟರೆ ಲಾಭವೇ? ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ 451 ಜನರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಒಂದು ವರ್ಷದೊಳಗೆ ಹತ್ತರಲ್ಲಿ ನಾಲ್ವರಿಗೆ ಕೂದಲು ಮತ್ತೆ ಒಳಕ್ಕೆ ತಿರುಗಿತ್ತು. ಶಸ್ತ್ರಚಿಕಿತ್ಸೆ ಮಾಡಿದವರ ಕೈಯಿಂದ ಕೈಗೆ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಿತ್ತು. ಮರುವರ್ಷ, ಇಥಿಯೋಪಿಯಾದ 1,452 ಜನರ ಅಧ್ಯಯನದ ವರದಿ ಬಂತು. ಆರು ವಾರ ಮುಲಾಮು ಹಚ್ಚಿಕೊಂಡವರಿಗಿಂತ ಒಂದೇ ಸಲ ಅಜಿತ್ರೋಮೈಸಿನ್ ನುಂಗಿದವರಲ್ಲಿ ಈ ತೊಂದರೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಲಾಭವಿಲ್ಲವೆಂದ ವರದಿಯನ್ನು ಯಾರೂ ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಿ.

ಇನ್ನೂ ಮುಂದಿನ ಮಾತು ಕೇಳಿ. ಇಥಿಯೋಪಿಯಾದಲ್ಲಿಯೇ 1,000 ಜನರನ್ನು ಎರಡು ಗುಂಪು ಮಾಡಿ, ಒಮಾನ್‌ನಲ್ಲಿ ಗೆದ್ದಿದ್ದ ವಿಧಾನವನ್ನು ರೆಪ್ಪೆಯ ಒಳಪದರ ಮಾತ್ರ ಕೊಯ್ಯುವ ವಿಧಾನದೊಂದಿಗೆ ಹೋಲಿಸಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ನಂತರ ಮೊದಲ ವಿಧಾನದಲ್ಲಿ ಶೇ. 22 ಜನರಿಗೆ, ಎರಡನೆಯದರಲ್ಲಿ ಶೇ. 13 ಜನರಿಗೆ ಮಾತ್ರ ತೊಂದರೆ ಮರುಕಳಿಸಿತ್ತು. ಇಪ್ಪತ್ತು ವರ್ಷಗಳಿಂದ ನಂಬಿದ್ದ ವಿಧಾನವನ್ನೂ ಮತ್ತೆ ಪರೀಕ್ಷೆಗೆ ಕೂರಿಸಿದರು. ‘ನಾವು ಯಾವಾಗಲೂ ಹೀಗೆಯೇ ಮಾಡುತ್ತೇವೆ’ ಎಂಬುದು ಪುರಾವೆಯಲ್ಲ.

ಇದರ ಫಲವೇನು? ಶಸ್ತ್ರಚಿಕಿತ್ಸೆ, ಔಷಧ, ಮುಖದ ಸ್ವಚ್ಛತೆ, ನೀರು ಮತ್ತು ಶೌಚಾಲಯ, ಈ ನಾಲ್ಕೂ ಒಟ್ಟಿಗೆ ಸೇರಿ 2012ರಲ್ಲಿ ಒಮಾನ್ ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಇಳಿಸಿದ ಮೊದಲ ದೇಶವೆಂಬ ಮಾನ್ಯತೆ ಪಡೆಯಿತು. 2024ರ ಅಕ್ಟೋಬರಿನಲ್ಲಿ ನಮ್ಮ ಭಾರತಕ್ಕೂ ಅದೇ ಮಾನ್ಯತೆ ದೊರೆಯಿತು. ರೋಗ ಪೂರ್ತಿ ಅಳಿಯಿತೆಂದು ಇದರ ಅರ್ಥವಲ್ಲ. ಹಿಂದೆ ಸೋಂಕಿಗೆ ಒಳಗಾದ ಹಿರಿಯರಲ್ಲಿ ರೆಪ್ಪೆಗೂದಲು ಇಂದೂ ಒಳಕ್ಕೆ ತಿರುಗಬಹುದು. ಮನೆಯಲ್ಲಿ ದಾದಿಯೋ ನಾನಿಯೋ ಚಿಮಟದಿಂದ ರೆಪ್ಪೆಗೂದಲು ಕೀಳಿಸಿಕೊಳ್ಳುತ್ತಿದ್ದರೆ ಅವರನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಈಗ ಭಾಷಾ ಶಿಕ್ಷಕರ ಪಾಲಿನ ಮಾತು. ಸಂಶೋಧನೆ ನಿಂತಿರುವುದು ರೋಗಿಯ ಒಪ್ಪಿಗೆಯ ಮೇಲೆ, ಒಪ್ಪಿಗೆ ನಿಂತಿರುವುದು ಅರ್ಥವಾಗುವ ಭಾಷೆಯ ಮೇಲೆ. ನಮ್ಮ ದೇಶದಲ್ಲಿ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಸಾರ್ವಜನಿಕ ನೋಂದಣಿ 2007ರಿಂದ ಇದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಬೇಕು ಎಂಬ ನಿಯಮವಿದೆ. ಹಾಗಿದ್ದರೂ ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟ ಕೂಡಲೇ ಹೆಬ್ಬೆಟ್ಟು ಒತ್ತುವ ಹಿರಿಯರು ನಮ್ಮಲ್ಲಿದ್ದಾರೆ. ಇನ್ನು ಕೆಲವರು ‘ಪ್ರಯೋಗ’ ಎಂಬ ಮಾತು ಕೇಳಿಯೇ ಹೆದರಿ ಎದ್ದು ಬರುತ್ತಾರೆ. ಎರಡೂ ಸರಿಯಲ್ಲ.

ವಿದ್ಯಾರ್ಥಿಗಳೇ, ಅಂಥ ಸಮಯದಲ್ಲಿ ಆ ಕಾಗದವನ್ನು ಓದಿ ಹಿರಿಯರಿಗೆ ತಿಳಿಸುವವರು ನೀವಾಗಬೇಕು. ಈ ಪ್ರಶ್ನೆಗಳನ್ನು ಕೇಳಿ: ಯಾವ ಎರಡು ಚಿಕಿತ್ಸೆಗಳನ್ನು ಹೋಲಿಸುತ್ತಿದ್ದೀರಿ? ಅಪಾಯವೇನು? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ಬೇಡವೆಂದರೆ, ನಡುವೆ ಬಿಟ್ಟರೆ ಎಂದಿನ ಚಿಕಿತ್ಸೆ ಸಿಗುತ್ತದೆಯೇ? ಸಿಗಲೇಬೇಕು, ಅದು ರೋಗಿಯ ಹಕ್ಕು. ಉತ್ತರ ತೃಪ್ತಿಕರವಾಗಿದ್ದರೆ ಒಪ್ಪಿಕೊಳ್ಳುವುದರಲ್ಲಿ ಹೆದರಿಕೆ ಬೇಡ. ಒಮಾನ್, ಗ್ಯಾಂಬಿಯಾ, ಇಥಿಯೋಪಿಯಾದ ಹಳ್ಳಿಗಳ ಸಾವಿರಾರು ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು, ಹಾಗೆ ಒಪ್ಪಿಕೊಂಡದ್ದರಿಂದಲೇ ಇಂದಿನ ವೈದ್ಯರಿಗೆ ದಾರಿ ಗೊತ್ತಾಗಿದೆ.