ಅಮ್ಮನ ಓಟ ಶುರುವಾಗಿದ್ದು ಲೇಟಾಗಿ

ಇವತ್ತು ಬೆಂಗಳೂರಿನ ವರ್ಲ್ಡ್ 10ಕೆ ಬಗ್ಗೆ ಮಾತಾಡೋಣ. 2008ರಿಂದ ನಡೀತಿರೋ ಓಟ. ವರ್ಷಕ್ಕೊಂದು ಭಾನುವಾರ ಸಿಟಿ ಮಧ್ಯದಲ್ಲಿ ಗಾಡಿ ಬಿಡಲ್ಲ ಅಂತ ಬೈಕೋತೀವಲ್ಲ, ಅದೇ. ನಾನೂ ಬೈದವನೇ.

ಹೋದ ಸಲ ಅಮ್ಮನ ಜೊತೆ ಓಡಿದೆ. ಅಮ್ಮನಿಗೆ 56. ಶುಗರ್ ಅಂತ ಗೊತ್ತಾದ ಮೇಲೆ ಬೆಳಗ್ಗೆ ವಾಕಿಂಗ್ ಶುರು ಮಾಡಿದ್ದಳು. ಹೆಸರು ಕೊಟ್ಟಿದೀನಿ ಅಂದ್ರೆ, "ಓಡೋಕೂ ದುಡ್ಡು ಕೊಡಬೇಕೇನೋ?" ಅಂದಳು. ರಿಫಂಡ್ ಇಲ್ಲಮ್ಮ ಅಂದೆ. ಡಾಕ್ಟರ್ ಸರಿ ಅಂದ ಮೇಲೆ ಒಂದು ದಿನವೂ ಪ್ರಾಕ್ಟೀಸ್ ತಪ್ಪಿಸಲಿಲ್ಲ.

ನಮ್ಮಂಥವರ ಓಟ ಬೆಳಕು ಹರಿಯೋಕೆ ಮುಂಚೆ. ಪರೇಡ್ ಗ್ರೌಂಡ್ ಹತ್ರ ಸಾವಿರಾರು ಜನ. ಹಳೇ ಟೈಮಿಂಗ್ ಇಲ್ಲದವರು ಹಿಂದೆ, ಅಂದ್ರೆ ನಾವು. ಓಟ ಶುರುವಾಯ್ತು ಅಂತ ಮೈಕಲ್ಲಿ ಕೂಗಿದ್ರು. ನಾವು ನಿಂತಲ್ಲೇ. ಹನ್ನೆರಡು ನಿಮಿಷ! ಅಮ್ಮನ ಮುಖ ಸಣ್ಣಗಾಯ್ತು. "ಆಗಲೇ ಲಾಸು. ಎಲ್ರೂ ಹೋದ್ರು. ವಾಪಸ್ ಹೋಗೋಣ ಕಣೋ."

ಇಲ್ಲಿ ನನ್ನ ಬಿಕಾಂ ಕೆಲಸಕ್ಕೆ ಬಂತು. ಎದೆ ಮೇಲಿನ ನಂಬರ್ ಹಿಂದೆ ಒಂದು ಚಿಪ್ ಇರುತ್ತೆ. ನೆಲದ ಮೇಲೆ ಹಾಸಿರೋ ಮ್ಯಾಟ್ ದಾಟಿದಾಗ ಅದು ಟೈಮ್ ಬರ್ಕೊಳ್ಳುತ್ತೆ. ಬಹುಮಾನಕ್ಕೆ ಓಡೋರಿಗೆ ಗನ್ ಹೊಡೆದಾಗಿಂದ ಲೆಕ್ಕ. ನಮಗೆ ಇನ್ನೊಂದು ಖಾತೆನೂ ಇದೆ: ಗೆರೆ ದಾಟಿದಾಗಿಂದ. "ಅಮ್ಮಾ, ನಿನ್ನ ಖಾತೆ ಇನ್ನೂ ಓಪನ್ನೇ ಆಗಿಲ್ಲ" ಅಂದೆ. ನಿಜ ತಾನೇ ಅಂತ ಎರಡು ಸಲ ಕೇಳಿದಳು.

ಆಮೇಲೆ ಶುರುವಾಯ್ತು ನೋಡಿ. ಸ್ವಲ್ಪ ಓಟ, ಜಾಸ್ತಿ ನಡಿಗೆ. ಬೆಂಗಳೂರು ಸಮತಟ್ಟಾಗಿದೆ ಅಂದ್ಕೊಂಡಿದ್ದೆ. ಸ್ಕೂಟರಲ್ಲಿ ಗೊತ್ತಾಗದ ಏರೆಲ್ಲ ಮಂಡಿಗೆ ಗೊತ್ತಾಗುತ್ತೆ. ಹಲಸೂರು ಕೆರೆ ದಾಟಿದ ಮೇಲೆ ಕೂತ್ಕೊಂಡುಬಿಟ್ಟಿದ್ದು ನಾನು. ಅಮ್ಮ ಜೇಬಿಂದ ಗ್ಲೂಕೋಸ್ ಬಿಸ್ಕೆಟ್ ತೆಗೆದು, "ತಿನ್ನು, ಶುಗರ್ ನನಗೆ ತಾನೇ?" ಅಂದಳು.

ಒಂದು ಗಂಟೆ 41 ನಿಮಿಷ. ಗೆರೆಯಿಂದ ಗೆರೆಗೆ.

ನಮ್ಮದು ಮುಗಿದ ಮೇಲೆ ಎಲೀಟ್ ಹೆಂಗಸರ ಓಟ. ಬೇಲಿ ಹತ್ರ ನಿಂತ್ವಿ. ಸುಯ್ ಅಂತ ಹೋದರು, ಹೆಜ್ಜೆ ಸದ್ದೂ ಇಲ್ಲ. 2022ರಲ್ಲಿ ಕೀನ್ಯಾದ ಐರೀನ್ ಚೆಪ್ಟೈ ಇದೇ ರೇಸನ್ನ 30 ನಿಮಿಷ 35 ಸೆಕೆಂಡಿಗೆ ಮುಗಿಸಿದ್ದರು ಅಂತ ಹೇಳಿದೆ. ಅಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನಾನು ಒಂದ್ಸಲ ಬರೋದ್ರೊಳಗೆ ಅವಳು ಮೂರು ಸಲ ಓಡಿ, ಕಾಫಿನೂ ಕುಡಿದಿರ್ತಾಳೆ. ಸರಿ, ನಮ್ಮ ಕಾಫಿ ಎಲ್ಲಿ?"