ಬಿಳಿ ಉಡುಪಿನೊಳಗಿನ ನೀಲಿ

ಮಕ್ಕಳೇ, ಅಜ್ಜ ಒಗೆದು ಹರವಿದ ಬಿಳಿ ಪಂಚೆಯ ಬಣ್ಣ ಯಾವುದು ಎಂದು ಕೇಳಿದರೆ ನೀವು ನಗುತ್ತೀರಿ. ಬಿಳಿ ಪಂಚೆ ಬಿಳಿಯೇ ಅಲ್ಲವೇ? ಎಣ್ಣೆಬಣ್ಣ ಕಲಿಯಲೆಂದು ಒಂದು ಚಿತ್ರವನ್ನು ನೋಡಿ ಬರೆಯಲು ಕೂರುವವರೆಗೂ ನಾನೂ ಹಾಗೇ ತಿಳಿದಿದ್ದೆ.

ಅದು ಫ್ರಾನ್ಸಿನ ಕ್ಲೋದ್ ಮೋನೆ 1875ರಲ್ಲಿ ಬರೆದ ಚಿತ್ರ. ಹುಲ್ಲಿನ ದಿಬ್ಬದ ಮೇಲೆ ಅವರ ಹೆಂಡತಿ ಕಮೀಲ್ ಹಸಿರು ಕೊಡೆ ಹಿಡಿದು ನಿಂತಿದ್ದಾರೆ. ಸ್ವಲ್ಪ ಹಿಂದೆ ಮಗ ಜಾನ್ ಇದ್ದಾನೆ. ಗಾಳಿಗೆ ಕಮೀಲ್ ತೊಟ್ಟ ಬಿಳಿ ಉಡುಪು ಹಾರಾಡುತ್ತಿದೆ. ಸುಮಾರು 1 ಮೀಟರ್ ಎತ್ತರದ ಮೂಲಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ನನ್ನ ಮುಂದಿದ್ದದ್ದು ಅದರ ಅಚ್ಚಿನ ಪ್ರತಿ.

ನೋಡಿ ಬರೆಯುವುದೆಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದಂತಲ್ಲ. ಮಾನೆ, ದೆಗಾ ಅವರಂಥ ದೊಡ್ಡ ಕಲಾವಿದರೂ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳೆದುರು ನಿಂತು, ಅವನ್ನು ನೋಡಿ ಬರೆದು ಕಲಿತವರು.

ಮೊದಲು ನಾನು ಉಡುಪಿಗೆ ಬಿಳಿ ಬಣ್ಣವನ್ನೇ ಹಚ್ಚಿದೆ. ಸುಣ್ಣ ಬಳಿದ ಗೋಡೆಯಂತೆ ಕಂಡಿತು! ಆಮೇಲೆ ಒಂದು ರಟ್ಟಿಗೆ ಕಡಲೆಕಾಳಿನಷ್ಟು ತೂತು ಮಾಡಿ, ಚಿತ್ರದ ಮೇಲಿಟ್ಟು, ಅದರೊಳಗಿಂದ ನೋಡಿದೆ. ಬಿಳಿ ಎಂದುಕೊಂಡ ಕಡೆ ನೀಲಿ ಇತ್ತು, ತೆಳು ನೇರಳೆ ಇತ್ತು. ಮೊಣಕೈ ಹತ್ತಿರ ಹಳದಿಯೂ ಇತ್ತು.

ಇವೆಲ್ಲ ಎಲ್ಲಿಂದ ಬಂದವು? ಚಿತ್ರದಲ್ಲಿ ಸೂರ್ಯ ಕಮೀಲ್ ಬೆನ್ನ ಹಿಂದಿದ್ದಾನೆ. ನಮಗೆ ಕಾಣುವ ಕಡೆಗೆ ನೇರ ಬಿಸಿಲಿಲ್ಲ, ಅದು ನೆರಳು. ಆದರೆ ನೆರಳೆಂದರೆ ಬೆಳಕೇ ಇಲ್ಲವೆಂದಲ್ಲ. ಗಾಳಿಯ ಕಣಗಳು ಬಿಸಿಲಿನಲ್ಲಿರುವ ಕೆಂಪಿಗಿಂತ ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿರುವುದು ಅದಕ್ಕೇ. ಆ ನೀಲಿ ಬೆಳಕು ನೆರಳಿನ ಮೇಲೂ ಬೀಳುತ್ತದೆ. ಹುಲ್ಲಿನ ನಡುವಿನ ಹಳದಿ ಹೂಗಳಿಂದ ಚಿಮ್ಮಿದ ಬೆಳಕು ತೋಳಿಗೆ ತಾಗುತ್ತದೆ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಬಣ್ಣ ಬದಲಿಸದೆ ಎಲ್ಲ ಕಡೆಗೂ ಚದುರಿಸುತ್ತದೆ, ನಮ್ಮ ಕಣ್ಣಿನ ಕಡೆಗೂ.

ನಮ್ಮ ಮಿದುಳು ಮಾತ್ರ ಇದನ್ನು ತಿದ್ದಿ, ‘ಬಟ್ಟೆ ಬಿಳಿ’ ಎಂದು ಹೇಳಿಬಿಡುತ್ತದೆ. ಅದು ಒಳ್ಳೆಯ ಕೆಲಸವೇ. ಇಲ್ಲದಿದ್ದರೆ ಮರದ ನೆರಳಿಗೆ ಹೋದ ಕೂಡಲೇ ನಿಮ್ಮ ಅಂಗಿಯ ಬಣ್ಣವೇ ಬದಲಾದಂತೆ ತೋರುತ್ತಿತ್ತು. ಆದರೆ ಚಿತ್ರ ಬರೆಯುವವರು ಮಿದುಳು ತಿದ್ದುವ ಮೊದಲಿನ ಬಣ್ಣವನ್ನು ಹಿಡಿಯಬೇಕು. ಮೋನೆ ಹಿಡಿದದ್ದು ಅದನ್ನೇ.

ಸರಿ, ಬಿಳಿಯ ಮೇಲೆ ನೀಲಿ ಹಚ್ಚಿದೆ. ಎರಡೂ ಕಲಸಿಹೋದವು. ಮರುದಿನ ಮುಟ್ಟಿದರೂ ಬಣ್ಣ ಬೆರಳಿಗೆ ಅಂಟಿತು. ಜಲವರ್ಣ ಒಣಗುವುದು ನೀರು ಆವಿಯಾಗಿ. ಎಣ್ಣೆಬಣ್ಣದ ಎಣ್ಣೆ ಆವಿಯಾಗುವುದೇ ಇಲ್ಲ! ಅದು ಹೆಚ್ಚಾಗಿ ಅಗಸೆ ಬೀಜದ ಎಣ್ಣೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸೆ ಚಟ್ನಿಪುಡಿಗೆ ಹಾಕುವುದೂ ಇದೇ ಬೀಜ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆಗ ಅದರ ಅಣುಗಳು ಒಂದಕ್ಕೊಂದು ಕೈಕೈ ಹಿಡಿದು ಬಲೆಯಾಗಿ ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಗೆ ಈ ಗುಣವಿಲ್ಲ. ಅಗಸೆ ಎಣ್ಣೆ ಹೀಗೆ ಗಟ್ಟಿಯಾಗುವಾಗ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಎಣ್ಣೆಬಣ್ಣವನ್ನು ದೊಡ್ಡವರು ಜೊತೆಗಿದ್ದಾಗಲೇ ಮುಟ್ಟಿ.

ಹಸಿ ಬಣ್ಣದ ಮೇಲೂ ಮೋನೆ ಹೇಗೆ ಬರೆದರು? ಗೆರೆಗಳನ್ನು ಗಮನಿಸಿದೆ. ಅವರು ಕುಂಚವನ್ನು ಉಜ್ಜುವುದಿಲ್ಲ. ಬಣ್ಣವನ್ನು ಇಟ್ಟು ಕೈ ಎತ್ತಿಬಿಡುತ್ತಾರೆ. ಮೋನೆ ಈ ಚಿತ್ರವನ್ನು ಬರೆದದ್ದು ಹೊರಗೆ, ಬಯಲಿನಲ್ಲಿ. ಹಾಗೆ ಬರೆಯಲು ಬಣ್ಣ ತುಂಬಿದ ತವರದ ಟ್ಯೂಬೂ ನೆರವಾಯಿತು. ಅದನ್ನು 1841ರಲ್ಲಿ ತಂದವರು ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ. ಅದಕ್ಕೂ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು.

ನಿಮಗೆ ಟ್ಯೂಬೂ ಬೇಡ, ಕುಂಚವೂ ಬೇಡ. ಮೋಡವಿಲ್ಲದ ದಿನ ತೂತಿನ ರಟ್ಟು ಹಿಡಿದು ಅಜ್ಜನ ಪಂಚೆಯ ನೆರಳಿನ ಕಡೆ ನೋಡಿ. ಸೂರ್ಯನ ಕಡೆ ಮಾತ್ರ ನೋಡಬೇಡಿ. ಕಂಡ ಬಣ್ಣಗಳ ಹೆಸರನ್ನು ಪುಸ್ತಕದಲ್ಲಿ ಬರೆದಿಡಿ.