ಬೀಜದ ಗುಣ, ಹೊಲದ ಗುಣ



"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಈ ಮಾತನ್ನು ನಂಬಿಯೇ ನಮ್ಮ ರೈತನು ತಲೆತಲಾಂತರದಿಂದ ಬಿತ್ತನೆಯ ಬೀಜವನ್ನು ಆರಿಸುತ್ತ ಬಂದಿದ್ದಾನೆ. ಕಣದಲ್ಲಿ ರಾಶಿಯಾದ ಮೇಲೆ ದಪ್ಪ ಕಾಳನ್ನು ಬಿತ್ತನೆಗೆಂದು ಎತ್ತಿಟ್ಟು, ಉಳಿದುದನ್ನು ಮನೆಗೂ ಸಂತೆಗೂ ಬಳಸುವುದು ವಾಡಿಕೆ. ಆದರೆ ದಪ್ಪ ಕಾಳಿನ ಸಂತತಿಯು ದಪ್ಪವಾಗಿಯೇ ಇರುವುದೆ? ಹೆಚ್ಚು ಕಾಯಿ ಬಿಟ್ಟ ಗಿಡದ ಮಕ್ಕಳು ಹೆಚ್ಚು ಕಾಯಿಯನ್ನೇ ಬಿಡುವುವೆ? ಇದು ರೈತನೊಬ್ಬನ ಪ್ರಶ್ನೆಯಲ್ಲ. ಪ್ರಪಂಚದಲ್ಲಿ ಬೇಳೆಕಾಳುಗಳನ್ನು ಎಲ್ಲರಿಗಿಂತ ಹೆಚ್ಚಾಗಿ ಬೆಳೆಯುವ ನಮ್ಮ ದೇಶವೇ ಹೊರಗಿನಿಂದ ಅವನ್ನು ತರಿಸಿಕೊಳ್ಳುತ್ತಲೂ ಇದೆ. ಆದುದರಿಂದ ದಿನವೂ ಸಾರು ಹುಳಿಗಳನ್ನುಣ್ಣುವ ನಗರವಾಸಿಗಳಾದ ನಮಗೂ ಈ ಪ್ರಶ್ನೆಯೊಡನೆ ಸಂಬಂಧವುಂಟು.

ಈ ಪ್ರಶ್ನೆಗೆ ಮೊದಲು ಸ್ಪಷ್ಟವಾದ ಉತ್ತರವನ್ನು ಕೊಟ್ಟವನು ಡೆನ್ಮಾರ್ಕ್ ದೇಶದ ವಿಲ್ಹೆಲ್ಮ್ ಯೊಹಾನ್ಸನ್. ಔಷಧದ ಅಂಗಡಿಯಲ್ಲಿ ಕೆಲಸ ಕಲಿತು, ಸ್ವಂತ ಪರಿಶ್ರಮದಿಂದ ಸಸ್ಯವಿಜ್ಞಾನಿಯಾದ ಈತನು ತನ್ನ ಪ್ರಯೋಗಕ್ಕೆ ಆರಿಸಿಕೊಂಡುದು ಹುರುಳಿಕಾಯಿಯ ಗಿಡವನ್ನು, ಎಂದರೆ ನಾವು ಪೇಟೆಯಲ್ಲಿ ಬೀನ್ಸ್ ಎಂದು ಕೊಳ್ಳುವ ಗಿಡವನ್ನು. ಅದರ ಹೂವು ತನ್ನ ಪರಾಗದಿಂದಲೇ ಫಲಿತವಾಗುವುದರಿಂದ, ಒಂದು ಗಿಡದ ಸಂತತಿಯಲ್ಲಿ ಬೇರೆ ರಕ್ತ ಬೆರೆಯುವುದು ಅಪರೂಪ. ಯೊಹಾನ್ಸನ್ನನು ಬೇರೆ ಬೇರೆ ತೂಕದ ಕಾಳುಗಳನ್ನು ಬಿತ್ತಿ, ಒಂದೊಂದರ ಸಂತತಿಯನ್ನೂ ಪ್ರತ್ಯೇಕವಾಗಿ ಬೆಳೆಸಿ, 19 ಶುದ್ಧವಂಶಗಳನ್ನು ಗುರುತಿಸಿದನು. ಅತಿ ಭಾರದ ವಂಶದಲ್ಲಿ ಕಾಳಿನ ಸರಾಸರಿ ತೂಕ ಸುಮಾರು 64 ಸೆಂಟಿಗ್ರಾಂ. ಅತಿ ಹಗುರದ ವಂಶದಲ್ಲಿ ಸುಮಾರು 35. ಇಲ್ಲಿಯವರೆಗೆ ಗಾದೆಯ ಮಾತೇ ಗೆದ್ದಿತು.

ಆಶ್ಚರ್ಯವಿರುವುದು ಮುಂದೆ. ಒಂದೇ ವಂಶದೊಳಗೂ ದಪ್ಪ ಕಾಳು, ಸಣ್ಣ ಕಾಳು ಎಂಬ ಭೇದ ಧಾರಾಳವಾಗಿದ್ದಿತು. ಆತನು ಇವುಗಳಲ್ಲಿ ಅತಿ ದಪ್ಪವನ್ನೂ ಅತಿ ಸಣ್ಣದನ್ನೂ ಆರಿಸಿ, ಬೇರೆ ಬೇರೆಯಾಗಿ ಬಿತ್ತಿ, ಹಲವು ತಲೆಮಾರುಗಳವರೆಗೆ ಹೀಗೆಯೇ ನಡೆಸಿದನು. ದಪ್ಪ ಕಾಳಿನ ಮಕ್ಕಳಿಗೂ ಸಣ್ಣ ಕಾಳಿನ ಮಕ್ಕಳಿಗೂ ಸರಾಸರಿ ತೂಕದಲ್ಲಿ ಭೇದವೇ ಕಾಣಲಿಲ್ಲ! ಒಂದು ಕಾಳು ಕಾಯಿಯ ನಡುವೆ ಕುಳಿತು ಚೆನ್ನಾಗಿ ಉಂಡಿದ್ದಿತು, ಇನ್ನೊಂದು ತುದಿಯಲ್ಲಿ ಕುಳಿತು ಅರೆಹೊಟ್ಟೆಯಲ್ಲಿ ಬೆಳೆದಿದ್ದಿತು, ಅಷ್ಟೆ. ಆ ಭೇದವು ಹೊಲದ್ದು, ವಂಶದ್ದಲ್ಲ. 1903ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದ ಯೊಹಾನ್ಸನ್ನನೇ 1909ರಲ್ಲಿ 'ಜೀನ್' ಎಂಬ ಪದವನ್ನು ಟಂಕಿಸಿದನು. ಕಣ್ಣಿಗೆ ಕಾಣುವ ಬಾಹ್ಯರೂಪ ಬೇರೆ, ಒಳಗೆ ಅಡಗಿರುವ ಜೀನರೂಪ ಬೇರೆ ಎಂಬ ವಿವೇಕವೂ ಆತನದೇ.

ಹಾಗಾದರೆ ಗಿಡವನ್ನು ನೋಡಿ ಆರಿಸುವುದು ವ್ಯರ್ಥವೆ? ಅಲ್ಲ. ಕಾಣುವ ಭೇದದಲ್ಲಿ ವಂಶದ ಪಾಲೆಷ್ಟು, ಹೊಲದ ಪಾಲೆಷ್ಟು ಎಂದು ಮೊದಲು ಲೆಕ್ಕ ಹಾಕಬೇಕು. ವಂಶದ ಆ ಪಾಲನ್ನೇ ಶಾಸ್ತ್ರಜ್ಞರು ಆನುವಂಶಿಕತೆ ಎನ್ನುತ್ತಾರೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತೊಗರಿಯ ಹೊಲದಲ್ಲಿ ಗಿಡಕ್ಕೆ ಸರಾಸರಿ 100 ಕಾಯಿ. ನಾವು 140 ಕಾಯಿ ಬಿಟ್ಟ ಗಿಡಗಳನ್ನು ಆರಿಸಿ, ಅವುಗಳನ್ನು ತಮ್ಮ ತಮ್ಮಲ್ಲಿಯೇ ಫಲಿಸುವಂತೆ ಮಾಡಿದೆವೆನ್ನಿ. ಮಕ್ಕಳ ಸರಾಸರಿ 110 ಬಂದರೆ, ನಾವು ಆಶಿಸಿದ 40ರಲ್ಲಿ ಕೈಗೆ ದಕ್ಕಿದುದು 10, ಎಂದರೆ ಕಾಲುಭಾಗ. ಉಳಿದ ಮುಕ್ಕಾಲು ಭಾಗ ತಿಪ್ಪೆಯ ಬಳಿಯ ಗೊಬ್ಬರದ್ದೋ, ತಗ್ಗಿನಲ್ಲಿ ನಿಂತ ತೇವದ್ದೋ ಆಗಿದ್ದಿತು. ಅದು ಬೀಜದೊಡನೆ ಬರಲಿಲ್ಲ.

ದ್ವಿದಳ ಧಾನ್ಯಗಳಲ್ಲಿ ಎಲ್ಲ ಗುಣಗಳೂ ಒಂದೇ ಬಗೆಯಾಗಿ ಇಳಿದುಬರುವುದಿಲ್ಲ. ಕಾಳಿನ ತೂಕ, ಹೂವು ಬರುವ ಕಾಲ ಇವು ಸಾಮಾನ್ಯವಾಗಿ ಬಹುಮಟ್ಟಿಗೆ ವಂಶವನ್ನು ಅನುಸರಿಸುತ್ತವೆ. ಇಡೀ ಗಿಡದ ಇಳುವರಿಯಾದರೋ ಮಳೆ, ಮಣ್ಣು, ಹುಳು, ರೋಗ ಎಲ್ಲಕ್ಕೂ ಅಧೀನ. ಆದುದರಿಂದ ಒಂಟಿ ಗಿಡದ ಇಳುವರಿಯನ್ನು ನೋಡಿ ಆರಿಸುವವನು ಮೋಸಹೋಗುವ ಸಂಭವ ಹೆಚ್ಚು. ಇಳುವರಿಯ ಅಂಗಗಳಾದ ಕಾಯಿಯ ಸಂಖ್ಯೆ, ಕಾಯಿಗೆ ಎಷ್ಟು ಕಾಳು, ಕಾಳಿನ ತೂಕ ಇವನ್ನು ಬಿಡಿಬಿಡಿಯಾಗಿ ಅಳೆದು, ಒಂದೇ ಬೀಜವನ್ನು ಹಲವು ಮಡಿಗಳಲ್ಲಿ, ಹಲವು ವರ್ಷ ಬಿತ್ತಿ ನೋಡುವುದು ಇದಕ್ಕಾಗಿಯೇ. ಅದರಲ್ಲಿಯೂ ತೊಡಕುಂಟು: ಕಾಳು ದಪ್ಪವಾದಾಗ ಕಾಯಿಯ ಸಂಖ್ಯೆ ಇಳಿಯುವುದು ಅನೇಕ ವೇಳೆ ಕಂಡುಬಂದಿದೆ.

ಇಷ್ಟೆಲ್ಲ ಲೆಕ್ಕಕ್ಕೂ ಒಂದು ಮೂಲಧನ ಬೇಕು, ಅದೇ ವೈವಿಧ್ಯ. ಯೊಹಾನ್ಸನ್ನನ ಶುದ್ಧವಂಶದಲ್ಲಿ ಆರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಎಲ್ಲ ಗಿಡಗಳೂ ಒಳಗೆ ಒಂದೇ ಆಗಿರುವಲ್ಲಿ ಎಂಥ ಜಾಣನೂ ಸುಧಾರಣೆಯನ್ನು ತರಲಾರನು. ನಮ್ಮ ತೊಗರಿಯನ್ನು ನೋಡಿ. ಸೊರಗು ರೋಗದಿಂದ ನಿಂತ ಬೆಳೆಯೇ ಒಣಗುತ್ತಿದ್ದಾಗ, ಬೀಜಸಂಗ್ರಹದಲ್ಲಿದ್ದ ಬಗೆಯೊಂದರಿಂದ ಆಯ್ದು ತೆಗೆದ 'ಮಾರುತಿ' ಎಂಬ ತಳಿಯು 1980ರ ದಶಕದಲ್ಲಿ ಕಲಬುರಗಿ ಮುಂತಾದ ಸೀಮೆಗಳ ರೈತರಿಗೆ ಆಸರೆಯಾಯಿತು. ಆ ನಿರೋಧಗುಣವನ್ನು ಯಾರೂ ಸೃಷ್ಟಿಸಲಿಲ್ಲ. ಅದು ಯಾವುದೋ ಹೊಲದಲ್ಲಿ ಮೊದಲೇ ಇದ್ದಿತು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಸಂಸ್ಥೆಯು ಇಂದು 13,000ಕ್ಕೂ ಮಿಕ್ಕ ತೊಗರಿಯ ಮಾದರಿಗಳನ್ನು ಶೈತ್ಯಾಗಾರದಲ್ಲಿ ಕಾಪಾಡುತ್ತಿರುವುದು ಇಂತಹ ದಿನಗಳಿಗಾಗಿಯೇ.

ಅವರೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ನಾಡ ಅವರೆಯು ಹಗಲು ಕುಗ್ಗಿದಲ್ಲದೆ ಹೂ ಬಿಡದು; ಸೊಗಡಿನ ಅವರೆಕಾಯಿ ಚಳಿಗಾಲದಲ್ಲಿ ಮಾತ್ರ ಪೇಟೆಗೆ ಬರುತ್ತಿದ್ದುದು ಇದರಿಂದಲೇ. ಹೆಬ್ಬಾಳದ ಕೃಷಿ ವಿಜ್ಞಾನಿಗಳು ಈ ಕಟ್ಟಿಲ್ಲದ ತಳಿಗಳನ್ನು ರೂಪಿಸಿದುದರಿಂದ ಅವರೆಯನ್ನು ಈಗ ಉಳಿದ ಕಾಲಗಳಲ್ಲಿಯೂ ಬೆಳೆಯಬಹುದು. ರೈತನಿಗೆ ಇದು ಲಾಭವೇ ಸರಿ. ಆದರೆ ಹಳೆಯ ಅವರೆಯ ಸೊಗಡು ಇದರಲ್ಲಿಲ್ಲವೆಂದು ರುಚಿ ಬಲ್ಲವರು ಹೇಳುವುದುಂಟು. ನಾಳೆ ಆ ಸೊಗಡನ್ನು ಹೊಸ ತಳಿಗೆ ತರಬೇಕೆಂದರೆ, ಅದನ್ನು ಎಲ್ಲಿಂದ ತರುವುದು? ಯಾವನೋ ರೈತನು ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಹಳೆಯ ಬೀಜದಿಂದಲೇ ತರಬೇಕು.

ಹೊಲವನ್ನು ಗೊಬ್ಬರ ನೀರುಗಳಿಂದ ಒಂದೆರಡು ವರ್ಷದಲ್ಲಿ ತಿದ್ದಬಹುದು. ಕಳೆದುಹೋದ ಬೀಜವನ್ನು ಎಷ್ಟು ಹಣ ಸುರಿದರೂ ಮತ್ತೆ ಪಡೆಯಲಾಗದು. ಆದುದರಿಂದ ಹೆಚ್ಚು ಇಳುವರಿಯ ಹೊಸ ತಳಿಯನ್ನು ಸ್ವಾಗತಿಸುವಾಗಲೆಲ್ಲ, ಅದರ ಪಕ್ಕದಲ್ಲಿ ಹಳೆಯ ಬೀಜಕ್ಕೂ ಒಂದು ಸಾಲು ನೆಲವನ್ನು ಉಳಿಸುವುದು ವಿವೇಕ.